ಮೂರು ಬಿಳಿ ಗುಳಿಗಿ ಮತ್ತು ಭೀಮವರಂನ ಯಲ್ಲಾಪ್ರಗಡ ಸುಬ್ಬರಾವ್

ಕುರುಗೋಡಿನ ಒಂದು ಸರ್ಕಾರಿ ಶಾಲೆ. ಬಿಸಿಯೂಟ ಮುಗಿಸಿ ತಟ್ಟೆ ತೊಳೆದಿಟ್ಟ ಮಕ್ಕಳು ಜಗಲಿಯ ಮೇಲೆ ಸಾಲಾಗಿ ಕೂತಿದ್ದರು. ಅವತ್ತು ಹುಳದ ಗುಳಿಗಿ ಕೊಡುವ ದಿನ. ನಮ್ಮ ಕಡೆ ಮಾತ್ರೆಗೆ ಗುಳಿಗಿ ಅಂತಾರೆ, ಈ ಬರಹದಲ್ಲೂ ಅದೇ ಇರಲಿ. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ 1ರಿಂದ 19 ವರ್ಷದ ಮಕ್ಕಳಿಗೆ ಅಲ್ಬೆಂಡಜೋಲ್ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2015ರಿಂದ ನಡೆಯುತ್ತಿದೆ. ಟೀಚರ್ ಒಬ್ಬೊಬ್ಬರ ಕೈಗೆ ಒಂದೊಂದು ಗುಳಿಗಿ ಇಟ್ಟು, ಅಗಿದು ನುಂಗುವವರೆಗೆ ಪಕ್ಕದಲ್ಲೇ ನಿಲ್ಲುತ್ತಿದ್ದರು. ಒಬ್ಬ ಹುಡುಗ ಗುಳಿಗಿಯನ್ನು ದವಡೆಯಲ್ಲಿ ಇಟ್ಟುಕೊಂಡು ಅಮಾಯಕನ ಹಾಗೆ ಆಕಾಶ ನೋಡುತ್ತಿದ್ದ. ಟೀಚರ್ ಅವನ ಬಾಯಿ ತೆಗೆಸಿದರು.

ಇದೇ ಮಕ್ಕಳಿಗೆ ವಾರಕ್ಕೊಂದು ನೀಲಿ ಗುಳಿಗಿಯೂ ಸಿಗುತ್ತೆ. ಕಬ್ಬಿಣ ಮತ್ತು ಫೋಲಿಕ್ ಆ್ಯಸಿಡ್. ಚಿಕ್ಕ ತರಗತಿಯವರಿಗೆ ಬಣ್ಣ ಗುಲಾಬಿ. ಇವೆರಡಕ್ಕೂ ಸಂಬಂಧ ಇದೆ. ಬರಿಗಾಲಿನಲ್ಲಿ ಒದ್ದೆ ಮಣ್ಣು ತುಳಿಯುವಾಗ ಕೊಕ್ಕೆಹುಳದ ಮರಿ ಪಾದದ ಚರ್ಮ ಕೊರೆದು ಒಳಗೆ ಹೋಗುತ್ತೆ, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತೆ. ಬಿಳಿ ಗುಳಿಗಿ ಹುಳ ಕಳಿಸಿದರೆ, ನೀಲಿ ಗುಳಿಗಿ ಹೋದ ರಕ್ತವನ್ನು ತುಂಬಿಕೊಡುವ ಕೆಲಸ ಮಾಡುತ್ತೆ.

ಇನ್ನೊಂದು ದೃಶ್ಯ. ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಅಂತಲೇ ಕರೆಯುವ ದೊಡ್ಡಾಸ್ಪತ್ರೆಯ ಹತ್ತಿರ ಸಾಲು ಮೆಡಿಕಲ್ ಶಾಪುಗಳಿವೆ. ರಕ್ತದಲ್ಲಿ ಇಯೊಸಿನೊಫಿಲ್ ಕಣ ಹೆಚ್ಚಾಗಿ, ಕೆಮ್ಮು, ಉಬ್ಬಸ ಅಂತ ಒದ್ದಾಡುವವರ ಚೀಟಿಯಲ್ಲಿ ವೈದ್ಯರು ಕೆಲವೊಮ್ಮೆ ಬೆನೋಸೈಡ್ ಅಥವಾ ಹೆಟ್ರಜಾನ್ ಅಂತ ಬರೆಯುವುದುಂಟು. ಬ್ರ್ಯಾಂಡ್ ಯಾವುದಾದರೂ ಒಳಗಿರುವ ಔಷಧಿ ಒಂದೇ, ಡೈಈಥೈಲ್‌ಕಾರ್ಬಮಜೀನ್. ಬಾಯಿ ತಿರುಗದವರಿಗೆ ಡಿಇಸಿ. ಮೂಲತಃ ಇದು ಆನೆಕಾಲು ರೋಗದ ಹುಳುವಿಗೆ ಕೊಡುವ ಔಷಧಿ.

ನೀಲಿ ಗುಳಿಗಿಯ ಫೋಲಿಕ್ ಆ್ಯಸಿಡನ್ನು ಪ್ರಯೋಗಾಲಯದಲ್ಲಿ ಮೊದಲು ತಯಾರಿಸಿದ್ದು, ಡಿಇಸಿಯನ್ನು ಕಂಡುಹಿಡಿದಿದ್ದು ಒಂದೇ ಕಂಪನಿಯ ಸಂಶೋಧನಾ ತಂಡ. ಆ ತಂಡದ ಮುಖ್ಯಸ್ಥ ಒಬ್ಬ ತೆಲುಗು ಮನುಷ್ಯ, ಯಲ್ಲಾಪ್ರಗಡ ಸುಬ್ಬರಾವ್. ಅವರು ತೀರಿಕೊಂಡದ್ದು 1948ರ ಆಗಸ್ಟ್ 9ರಂದು. ಅಂದರೆ ನಮ್ಮ ಮಕ್ಕಳು ಹುಳದ ಗುಳಿಗಿ ನುಂಗುವ ದಿನದ ಹಿಂದಿನ ದಿನ. ಇದು ಕಾಕತಾಳೀಯ ಅಷ್ಟೇ. ಅಲ್ಬೆಂಡಜೋಲ್ ಅವರದ್ದಲ್ಲ, ಅದು 1970ರ ದಶಕದ್ದು. ಆದರೂ ನನಗೆ ಅವರು ನೆನಪಾಗುವುದು ಇಂಥ ದಿನವೇ. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು. ಅದನ್ನು ಆಮೇಲೆ ಹೇಳ್ತೀನಿ.

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಗೋದಾವರಿ ಸೀಮೆಯ ಭೀಮವರಂನಲ್ಲಿ. ಆಗ ಅದು ಮದ್ರಾಸ್ ಪ್ರೆಸಿಡೆನ್ಸಿ. ನಮ್ಮ ಬಳ್ಳಾರಿಯೂ ಅದೇ ಪ್ರೆಸಿಡೆನ್ಸಿಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೂ, ಬಳ್ಳಾರಿ, ಸಿರುಗುಪ್ಪ ಮುಂತಾದ ತಾಲೂಕುಗಳು ಮೈಸೂರಿಗೂ ಹಂಚಿಹೋಗುವ ತನಕ ನಮ್ಮ ಕಂದಾಯದ ಲೆಕ್ಕ, ಕೋರ್ಟು, ಕಾಲೇಜು ಎಲ್ಲದರ ಮುಖ ಮದ್ರಾಸಿನ ಕಡೆಗೇ. ಬಳ್ಳಾರಿಗೆ ಮೆಡಿಕಲ್ ಕಾಲೇಜು ಬಂದದ್ದು 1961ರಲ್ಲಿ. ಹಾಗಾಗಿ ಸುಬ್ಬರಾವ್ ಕತೆಯನ್ನು ಪಕ್ಕದ ರಾಜ್ಯದವರ ಕತೆ ಅಂತ ಬಿಟ್ಟುಬಿಡೋಕೆ ನನಗೆ ಮನಸ್ಸಿಲ್ಲ.

ತಂದೆ ಜಗನ್ನಾಥಂ ಕಂದಾಯ ಇಲಾಖೆಯ ಸಣ್ಣ ನೌಕರ, ಆರೋಗ್ಯ ಕೆಟ್ಟು ಬೇಗ ಕೆಲಸ ಬಿಟ್ಟವರು. ತಾಯಿ ವೆಂಕಮ್ಮ. ಏಳು ಮಕ್ಕಳಲ್ಲಿ ಇವರು ನಾಲ್ಕನೆಯವರು. ಓದಿನಲ್ಲಿ ಆಸಕ್ತಿ ಇರಲಿಲ್ಲ. 13ನೇ ವಯಸ್ಸಿನಲ್ಲಿ ಮನೆ ಬಿಟ್ಟು ಕಾಶಿಗೆ ಹೊರಟುಬಿಟ್ಟರು. ಸನ್ಯಾಸಕ್ಕಲ್ಲ, ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡಲಿಕ್ಕೆ! ಮನೆಯವರು ಹಿಡಿದು ವಾಪಸ್ ತಂದರು. ಮೆಟ್ರಿಕ್ಯುಲೇಷನ್ ಪಾಸಾಗಿದ್ದು ಮೂರನೇ ಪ್ರಯತ್ನದಲ್ಲಿ, ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ. ಅಲ್ಲಿಂದ ಪ್ರೆಸಿಡೆನ್ಸಿ ಕಾಲೇಜು. ಅಲ್ಲಿ ನಿಜವಾಗಿಯೂ ಸನ್ಯಾಸದ ಗೀಳು ಹತ್ತಿತು. ರಾಮಕೃಷ್ಣ ಮಠ ಸೇರಬೇಕು ಅಂದರೆ ತಾಯಿ ಒಪ್ಪಲಿಲ್ಲ. ವೈದ್ಯನಾಗುವುದೂ ಒಂದು ಸೇವೆಯೇ ಎಂಬ ಸಮಾಧಾನದ ಮೇಲೆ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು.

ಓದಿಗೆ ದುಡ್ಡು ಇರಲಿಲ್ಲ. ಕಸ್ತೂರಿ ಸೂರ್ಯನಾರಾಯಣ ಮೂರ್ತಿ ಎಂಬುವರು ನೆರವಾದರು. ಅವರ ಮಗಳು ಶೇಷಗಿರಿಯ ಜೊತೆ 1919ರಲ್ಲಿ ಮದುವೆಯೂ ಆಯಿತು. ಮಾವನ ದುಡ್ಡಿನಲ್ಲಿ ಡಾಕ್ಟರ್ ಓದುವ ಪದ್ಧತಿ ನಮ್ಮಲ್ಲಿ ಹೊಸದೇನಲ್ಲ ಬಿಡಿ. ಆದರೆ ಇಲ್ಲಿ ಆ ಹೆಣ್ಣುಮಗಳು ತೆತ್ತ ಬೆಲೆ ಬೇರೆಯದೇ.

ಆಗ ಗಾಂಧಿಯ ಅಸಹಕಾರದ ಕಾಲ. ಸುಬ್ಬರಾವ್ ಖಾದಿ ಹಿಡಿದರು, ಶಸ್ತ್ರಚಿಕಿತ್ಸೆಯ ಕೋಣೆಗೂ ಖಾದಿಯ ಗೌನು ಹಾಕಿಕೊಂಡು ಹೋದರು. ಸರ್ಜರಿ ಪ್ರೊಫೆಸರ್ ಬ್ರಾಡ್‌ಫೀಲ್ಡ್ ಅವರಿಗೆ ಇದು ಸಹ್ಯವಾಗಲಿಲ್ಲ. ಬರಹದ ಪರೀಕ್ಷೆ ಚೆನ್ನಾಗಿ ಮಾಡಿದ್ದರೂ ಪೂರ್ಣ ಪದವಿಯಾದ ಎಂಬಿಬಿಎಸ್ ಕೈತಪ್ಪಿ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಸರ್ಟಿಫಿಕೇಟ್ ಸಿಕ್ಕಿತು. ಅದೇ ವರ್ಷಗಳಲ್ಲಿ ಅದೇ ಮದ್ರಾಸ್ ಸರ್ಕಾರ ತನಗೆ ಆಗದವರನ್ನೆಲ್ಲ ತಂದು ತುಂಬುತ್ತಿದ್ದದ್ದು ನಮ್ಮ ಬಳ್ಳಾರಿ ಜೈಲಿಗೆ. ಒಬ್ಬ ವಿದ್ಯಾರ್ಥಿಗೆ ಜೈಲು ಬೇಕಿಲ್ಲ, ಒಂದು ಅಂಕಪಟ್ಟಿ ಸಾಕು. ಮದ್ರಾಸ್ ಮೆಡಿಕಲ್ ಸರ್ವೀಸ್ ಸೇರುವ ಪ್ರಯತ್ನ ಮಾಡಿದರು, ಆಗಲಿಲ್ಲ. ಕೊನೆಗೆ ಕೆಲಸ ಸಿಕ್ಕಿದ್ದು ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ, ಅಂಗರಚನಾಶಾಸ್ತ್ರ ಪಾಠ ಮಾಡಲು.

ಆಯುರ್ವೇದದ ಕಡೆ ಅವರು ಹೋದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಅವರ ಸೋದರರಿಬ್ಬರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕಾಯಿಲೆಯಿಂದ ಸತ್ತರು. ನಮ್ಮ ಹಿರಿಯರು ಸಂಗ್ರಹಣಿ ಅನ್ನುತ್ತಿದ್ದರಲ್ಲ, ಆ ಜಾತಿಯದು. ನಿಲ್ಲದ ಭೇದಿ, ಹುಣ್ಣಾದ ನಾಲಿಗೆ, ತಿಂದದ್ದು ಮೈಗೆ ಹತ್ತದೆ ರಕ್ತ ಬತ್ತಿ ಸಾಯುವುದು. ಸುಬ್ಬರಾವ್ ಅವರಿಗೂ ಅದೇ ಕಾಯಿಲೆ ಬಂತು. ಅಲೋಪಥಿ ಕೈಚೆಲ್ಲಿದಾಗ ಬದುಕಿಸಿದ್ದು ಆಯುರ್ವೇದ ವೈದ್ಯ ಆಚಂಟ ಲಕ್ಷ್ಮೀಪತಿ. ಇದನ್ನು ಓದಿ ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ ಆಯುರ್ವೇದದ ಜಯಭೇರಿ ಬಾರಿಸುವ ಮೊದಲು ಒಂದು ಮಾತು. ಸುಬ್ಬರಾವ್ ಆ ಗುಣದಿಂದ ಸುಮ್ಮನಾಗಲಿಲ್ಲ. ಗುಣವಾದದ್ದು ಯಾಕೆ, ಯಾವ ಪದಾರ್ಥದಿಂದ ಅಂತ ತಿಳಿಯಬೇಕು ಅನ್ನುವ ಹಟಕ್ಕೆ ಬಿದ್ದರು. ಆ ಹಟವೇ ಅವರನ್ನು 1920ರ ದಶಕದ ಆರಂಭದಲ್ಲಿ ಬೋಸ್ಟನ್ ಹಡಗು ಹತ್ತಿಸಿತು. ಕಾಕಿನಾಡದ ಸತ್ಯಲಿಂಗ ನಾಯಕರ್ ಧರ್ಮನಿಧಿ ಸ್ವಲ್ಪ ಕೊಟ್ಟಿತು, ಉಳಿದದ್ದು ಮಾವನ ನೆರವು.

ಹೆಂಡತಿ ಇಲ್ಲೇ ಉಳಿದರು, ಆಗ ಗರ್ಭಿಣಿ. ಗಂಡುಮಗು ಹುಟ್ಟಿ ಒಂಬತ್ತು ತಿಂಗಳಿಗೆ ಚರ್ಮದ ಸೋಂಕೊಂದರಿಂದ ಸತ್ತಿತು. ಬ್ಯಾಕ್ಟೀರಿಯಾದ ಸೋಂಕು ಅದು. ಮಗನನ್ನು ಅಪ್ಪ ನೋಡಲೇ ಇಲ್ಲ. ಹೆಂಡತಿಯನ್ನೂ ಮತ್ತೆ ನೋಡಲಿಲ್ಲ. ಕೆಲವು ವರ್ಷಗಳಲ್ಲಿ ಬರ್ತೀನಿ ಅಂತ ಹೋದವರು ಸಾಯುವ ತನಕ, ಕಾಲು ಶತಮಾನ, ಭಾರತಕ್ಕೆ ಕಾಲಿಡಲಿಲ್ಲ. ಸಾಧಕರ ಜೀವನಚರಿತ್ರೆಗಳಲ್ಲಿ ಇಂಥದ್ದನ್ನು ತ್ಯಾಗ ಅಂತ ಒಂದು ಸಾಲಿನಲ್ಲಿ ಮುಗಿಸುವ ರೂಢಿ ಇದೆ. ಆ ಶಬ್ದ ಬಳಸೋದಾದರೆ ಅದು ಶೇಷಗಿರಿಯವರಿಗೆ ಸಲ್ಲಬೇಕು, ಮತ್ತು ಅವರು ಅದನ್ನು ಕೇಳಿ ಪಡೆದದ್ದೂ ಅಲ್ಲ.

ಬೋಸ್ಟನ್‌ನಲ್ಲಿ ಹಾರ್ವರ್ಡಿನ ಉಷ್ಣವಲಯ ವೈದ್ಯಶಾಲೆಗೆ ಸೇರಿದರು. ಕೈಯಲ್ಲಿದ್ದ ಎಲ್‌ಎಂಎಸ್‌ಗೆ ಅಮೆರಿಕದಲ್ಲಿ ವೈದ್ಯ ವೃತ್ತಿಯ ಬೆಲೆ ಇಲ್ಲ. ಹೊಟ್ಟೆಪಾಡಿಗೆ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿ, ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವ ಕೆಲಸ. ಬ್ರಾಹ್ಮಣ ಮನೆಯ ಹುಡುಗ, ಮಠ ಸೇರಬೇಕೆಂದಿದ್ದವರು, ಆ ಕೆಲಸ ಮಾಡಿ ಹಗಲು ಪರಾವಲಂಬಿ ಜೀವಿಗಳ ಪಾಠ ಕೇಳಿದರು. ಡಿಪ್ಲೊಮಾ ಮುಗಿಸಿ ಹಾರ್ವರ್ಡಿನ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಕೈಕೆಳಗೆ ಸೇರಿಕೊಂಡರು.

ಇಲ್ಲಿಂದ ಮುಂದಿನ ಹದಿನೈದು ವರ್ಷ ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತಿರುವ ಭಾಗ, ಬೇಗ ದಾಟೋಣ. 1925ರಲ್ಲಿ ರಕ್ತ, ಮೂತ್ರದಲ್ಲಿರುವ ರಂಜಕ ಎಷ್ಟು ಅಂತ ಅಳೆಯುವ ಫಿಸ್ಕ್-ಸುಬ್ಬರಾವ್ ವಿಧಾನ ಬಂತು. ದ್ರಾವಣ ನೀಲಿಯಾಗುತ್ತೆ, ನೀಲಿ ಎಷ್ಟು ಗಾಢವೋ ರಂಜಕ ಅಷ್ಟು. ಇಂಥ ಸರಳ ಅಳತೆಗಳ ಮೇಲೆ ನನ್ನಂಥ ಎಂಜಿನಿಯರಿಂಗ್ ಓದಿದವರಿಗೆ ಸ್ವಲ್ಪ ಹೆಚ್ಚೇ ಪ್ರೀತಿ. 1927ರಲ್ಲಿ ಸ್ನಾಯುವಿನ ಫಾಸ್ಫೊಕ್ರಿಯಾಟಿನ್. 1929ರಲ್ಲಿ ಎಟಿಪಿ, ಜೀವಕೋಶದ ಚಲಾವಣೆ ನಾಣ್ಯ. ಅದನ್ನು ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ಪ್ರತ್ಯೇಕವಾಗಿ ಕಂಡುಹಿಡಿದಿದ್ದರು. 1930ರಲ್ಲಿ ಪಿಎಚ್‌ಡಿ. ಇಷ್ಟಾದರೂ ಹಾರ್ವರ್ಡ್ ಕಾಯಂ ಹುದ್ದೆ ಕೊಡಲಿಲ್ಲ. ಹೊಗಳಿಕೆ ಎಲ್ಲ ಜೊತೆಗಾರನಿಗೆ ಹೋದರೂ ಇವರು ಜಗಳ ಕಾಯಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1923ರಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಅಂತ ತೀರ್ಪು ಕೊಟ್ಟಿತ್ತು. 1946ರಲ್ಲಿ ಕಾನೂನು ಬದಲಾಗುವವರೆಗೆ ಅಲ್ಲಿ ಅವರು ಪರಕೀಯ. ಬದಲಾದ ಮೇಲೂ ಅವರು ಅಮೆರಿಕದ ಪೌರರಾಗಲಿಲ್ಲ.

1940ರಲ್ಲಿ ಹಾರ್ವರ್ಡ್ ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬ ಊರಿನ ಲೆಡರ್ಲೆ ಔಷಧ ಕಂಪನಿ ಸೇರಿದರು. ಸ್ವಲ್ಪ ಕಾಲದಲ್ಲೇ ಸಂಶೋಧನೆಯ ಮುಖ್ಯಸ್ಥರಾದರು. ಇಲ್ಲಿ ಎಂಟು ವರ್ಷ ಅವರು ಮಾಡಿಸಿದ ಕೆಲಸ ನೋಡಿದರೆ ತಲೆ ತಿರುಗುತ್ತೆ. 1945ರಲ್ಲಿ ಅವರ ತಂಡ ಫೋಲಿಕ್ ಆ್ಯಸಿಡನ್ನು ಕೃತಕವಾಗಿ ತಯಾರಿಸಿತು. ಅದಕ್ಕೂ ಮೊದಲು ಲೂಸಿ ವಿಲ್ಸ್ ಎಂಬ ವೈದ್ಯೆ ಬಾಂಬೆಯ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಯೀಸ್ಟ್ ಸಾರ ಕೊಟ್ಟು ವಾಸಿ ಮಾಡಿ, ಅದರಲ್ಲಿ ಏನೋ ಇದೆ ಅಂತ ತೋರಿಸಿದ್ದರು. ಆ ಏನೋ ಅಂದರೆ ಇದೇ. ಕೃತಕ ಫೋಲಿಕ್ ಆ್ಯಸಿಡ್ ಮೊದಮೊದಲು ಕೆಲಸ ಮಾಡಿ ತೋರಿಸಿದ ಕಾಯಿಲೆಗಳಲ್ಲಿ ಸ್ಪ್ರೂ ಒಂದು. ಸೋದರರನ್ನು ಕೊಂದ ಕಾಯಿಲೆಗೆ ಇಪ್ಪತ್ತು ಚಿಲ್ಲರೆ ವರ್ಷಗಳ ನಂತರ ಸಿಕ್ಕ ಉತ್ತರ. ಅದೇ ಅಣುವನ್ನು ಸ್ವಲ್ಪ ತಿರುಚಿ ಮಾಡಿದ ಅಮಿನಾಪ್ಟೆರಿನ್ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಕೈಗೆ ಹೋಗಿ, ಮಕ್ಕಳ ರಕ್ತದ ಕ್ಯಾನ್ಸರ್ ಮೊದಲ ಬಾರಿ ಔಷಧಿಗೆ ಹಿಮ್ಮೆಟ್ಟಿತು. ಅದರ ತಮ್ಮ ಮೆಥೊಟ್ರೆಕ್ಸೇಟ್ ಇವತ್ತು ಸಂಧಿವಾತದವರ ಮನೆಯಲ್ಲೂ ಇರುತ್ತೆ. ಬೆಂಜಮಿನ್ ಡಗ್ಗರ್ ಮಣ್ಣಿನ ಸೂಕ್ಷ್ಮಜೀವಿಯಿಂದ ಹೊರತೆಗೆದ ಆರಿಯೊಮೈಸಿನ್, ಟೆಟ್ರಾಸೈಕ್ಲಿನ್ ವಂಶದ ಮೊದಲ ಕೂಸು, ಅದೂ ಇವರ ಕಾಲದ್ದೇ.

ನಮಗೆ ಬೇಕಾದದ್ದು ಇವುಗಳ ನಡುವೆ ಸದ್ದಿಲ್ಲದೆ ಬಂದ ಹೆಟ್ರಜಾನ್.

ಎರಡನೇ ಮಹಾಯುದ್ಧದಲ್ಲಿ ಸಮೋವಾ ಸುತ್ತಲಿನ ಪೆಸಿಫಿಕ್ ದ್ವೀಪಗಳಿಗೆ ಹೋದ ಸಾವಿರಾರು ಅಮೆರಿಕನ್ ಸೈನಿಕರಿಗೆ ಫೈಲೇರಿಯಾ ತಗುಲಿತು. ಕೈಕಾಲು, ವೃಷಣ ಊದಿ ನೋವಿನಿಂದ ಒದ್ದಾಡುವ ಹುಡುಗರನ್ನು ವಾಪಸ್ ಕಳಿಸಬೇಕಾಯಿತು. ಭಾರತದಲ್ಲಿ, ಆಫ್ರಿಕಾದಲ್ಲಿ ಶತಮಾನಗಳಿಂದ ಜನ ಆನೆಕಾಲು ಎಳೆದುಕೊಂಡು ನಡೆದಾಗ ಯಾವ ದೊಡ್ಡ ಕಂಪನಿಗೂ ಅವಸರ ಇರಲಿಲ್ಲ. ಸೈನಿಕರ ಕಾಲು ಊದಿದಾಗ ಅವಸರ ಬಂತು. ಇದನ್ನು ಕಹಿಯಿಂದ ಹೇಳ್ತಿಲ್ಲ, ಔಷಧಿಗಳ ಚರಿತ್ರೆಯೇ ಬಹುಪಾಲು ಹೀಗಿದೆ. ವ್ಯತ್ಯಾಸ ಏನಂದರೆ, ಆ ಅವಸರ ಬಂದಾಗ ಮೇಜಿನ ಹಿಂದೆ ಕೂತಿದ್ದವರು ಉಷ್ಣವಲಯದ ಕಾಯಿಲೆ ಓದಿದ, ಅಂಥ ಊರಿನಲ್ಲೇ ಹುಟ್ಟಿದ ಮನುಷ್ಯ. ಯುದ್ಧ ಮುಗಿದ ಮೇಲೂ ಅವರು ಆ ಕೆಲಸ ನಿಲ್ಲಿಸಲಿಲ್ಲ.

ಕಾಯಿಲೆ ನಡೆಯುವ ರೀತಿ ತಿಳಿದರೆ ಔಷಧಿ ಹುಡುಕುವುದು ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ. ದಾರದಂಥ ಹುಳ ನಮ್ಮ ದುಗ್ಧನಾಳಗಳಲ್ಲಿ ವರ್ಷಗಟ್ಟಲೆ ಬದುಕುತ್ತೆ. ಹೆಣ್ಣುಹುಳ ಲಕ್ಷಗಟ್ಟಲೆ ಮರಿಗಳನ್ನು ಹಾಕುತ್ತೆ. ಈ ಮರಿಗಳು ಹಗಲು ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿ, ರಾತ್ರಿ ಹತ್ತರಿಂದ ಎರಡರ ಹೊತ್ತಿಗೆ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಯಾಕೆಂದರೆ ಅವನ್ನು ಹೊತ್ತೊಯ್ಯುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದು ಆಗಲೇ. ಅದಕ್ಕೇ ಫೈಲೇರಿಯಾ ಪರೀಕ್ಷೆಗೆ ಆರೋಗ್ಯ ಸಿಬ್ಬಂದಿ ರಾತ್ರಿ ಮನೆಮನೆಗೆ ಹೋಗಿ ಬೆರಳು ಚುಚ್ಚಿ ರಕ್ತ ತೆಗೆಯುತ್ತಾರೆ. ಮಲಗಿದವರನ್ನು ಎಬ್ಬಿಸಿ ಬೈಸಿಕೊಳ್ಳುವ ಕೆಲಸ ಅದು.

ಆಗ ಚಾಲ್ತಿಯಲ್ಲಿದ್ದದ್ದು ಆಂಟಿಮನಿ, ಆರ್ಸೆನಿಕ್ ಬೆರೆತ ಇಂಜೆಕ್ಷನ್‌ಗಳು. ಹುಳುವಿಗಿಂತ ಮನುಷ್ಯನಿಗೇ ಹೆಚ್ಚು ಅಪಾಯ. ಲೆಡರ್ಲೆಯಲ್ಲಿ ರೆಜಿನಾಲ್ಡ್ ಹೆವಿಟ್ ಮುಂತಾದವರು ಹತ್ತಿ ಇಲಿಗಳಲ್ಲಿ ಪ್ರಯೋಗ ಶುರು ಮಾಡಿದರು. ಹತ್ತಿಹೊಲಗಳಲ್ಲಿ ಸಿಗುವ ಅಮೆರಿಕದ ಇಲಿ ಅದು, ಮನುಷ್ಯನ ಫೈಲೇರಿಯಾ ಹುಳುವಿನ ಸೋದರಸಂಬಂಧಿಯೊಂದು ಅದರ ಮೈಯಲ್ಲಿ ಸಹಜವಾಗಿ ಇರುತ್ತೆ. ಒಂದಾದ ಮೇಲೊಂದು ರಾಸಾಯನಿಕ ಕೊಡುವುದು, ಇಲಿಯ ರಕ್ತ ನೋಡುವುದು. ಕೊನೆಗೆ ಪೈಪರಜೀನ್ ಎಂಬ ಉಂಗುರದ ಆಕಾರದ ಅಣುವಿಗೆ ಎರಡು ಬಾಲ ಜೋಡಿಸಿದ ಪದಾರ್ಥವೊಂದು ಕೆಲಸ ಮಾಡಿತು. ಇಲಿ, ನಾಯಿಗಳಾದ ಮೇಲೆ 1947ರಲ್ಲಿ ಪೋರ್ಟೊ ರಿಕೊದ ರೋಗಿಗಳಿಗೆ ಕೊಟ್ಟರು. ರಕ್ತದಿಂದ ಮರಿಹುಳಗಳು ಬಹಳ ಬೇಗ ಮಾಯವಾದವು. ಬಾಯಿಂದ ನುಂಗುವ ಔಷಧಿ, ಇಂಜೆಕ್ಷನ್ ಬೇಡ.

ನನ್ನ ವಯಸ್ಸಿನವರಿಗೆ ಪೈಪರಜೀನ್ ಗೊತ್ತಿರಬೇಕು. ಚಿಕ್ಕಂದಿನಲ್ಲಿ ಹಲ್ಲು ಕಡಿದರೆ ಕುಡಿಸುತ್ತಿದ್ದ ಸಿಹಿ ಸಿರಪ್ ಅದು. ಸಿರುಗುಪ್ಪದ ನಮ್ಮಜ್ಜಿ ಅದರ ಜೊತೆ ಬೇವಿನ ರಸವನ್ನೂ ಕುಡಿಸಿ, ಹುಳ ಹೋದ ಕೀರ್ತಿಯನ್ನು ಬೇವಿಗೇ ಕೊಡುತ್ತಿದ್ದಳು.

ಡಿಇಸಿ ಬಗ್ಗೆ ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ. ಗಾಜಿನ ನಳಿಕೆಯಲ್ಲಿ ಮರಿಹುಳಗಳನ್ನು ಬಿಟ್ಟು ಈ ಔಷಧಿ ಹಾಕಿದರೆ ಅವು ಸಾಯುವುದಿಲ್ಲ, ಆರಾಮಾಗಿ ಈಜಾಡುತ್ತವೆ. ಮನುಷ್ಯನ ಮೈಯೊಳಗೆ ಮಾತ್ರ ಸಾಯುತ್ತವೆ. ಔಷಧಿ ಹುಳುವಿನ ಮುಸುಕು ತೆಗೆದು ತೋರಿಸುತ್ತೆ, ಹಿಡಿದು ಕೊಲ್ಲುವುದು ನಮ್ಮದೇ ರಕ್ಷಣಾ ಪಡೆ ಅಂತ ಸುಮಾರಾಗಿ ಹೇಳಬಹುದು. ಸುಬ್ಬರಾವ್ ತಂಡ ಗಾಜಿನ ನಳಿಕೆಯನ್ನೇ ನಂಬಿ ಕೂತಿದ್ದರೆ ಈ ಗುಳಿಗಿ ಕಸದಬುಟ್ಟಿಗೆ ಹೋಗುತ್ತಿತ್ತು. ಇನ್ನೊಂದು ಪರಿಣಾಮವೂ ಇದೆ. ಮೈಯಲ್ಲಿ ಹುಳ ಇದ್ದವರಿಗೆ ಗುಳಿಗಿ ನುಂಗಿದ ಮೇಲೆ ಜ್ವರ, ತಲೆನೋವು, ವಾಕರಿಕೆ ಬರುತ್ತೆ. ಅದು ಹುಳ ಸಾಯುತ್ತಿರುವ ಗುರುತು, ಒಂದೆರಡು ದಿನದಲ್ಲಿ ಹೋಗುತ್ತೆ. ಆದರೆ ಊರಲ್ಲಿ ಸುದ್ದಿ ಹಬ್ಬುವುದು ಬೇರೆ ಥರ. ಗುಳಿಗಿ ತಿಂದು ಮಲಗಿಬಿಟ್ಟ ಅಂತ.

1948ರ ಆಗಸ್ಟ್ 8ರ ರಾತ್ರಿ ಮಲಗಿದ ಸುಬ್ಬರಾವ್ ಬೆಳಗ್ಗೆ ಏಳಲಿಲ್ಲ. ಹೃದಯಾಘಾತ, ವಯಸ್ಸು 53. ದೇಶಕ್ಕೆ ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಖಾದಿ ಗೌನಿನ ಹುಡುಗ ಸ್ವತಂತ್ರ ಭಾರತವನ್ನು ನೋಡಲಿಲ್ಲ. ಆಮೇಲೆ ಒಂದು ಶಿಲೀಂಧ್ರಕ್ಕೆ ಅವರ ಹೆಸರಿಟ್ಟರು, ಸುಬ್ಬರೊಮೈಸಿಸ್. ಭಾರತ ಸರ್ಕಾರ 1995ರಲ್ಲಿ, ಹುಟ್ಟಿ ನೂರು ವರ್ಷ ಆದಾಗ, ಒಂದು ಅಂಚೆಚೀಟಿ ತಂದಿತು.

ಅವರ ಗುಳಿಗಿ ಮಾತ್ರ ಮನೆಗೆ ಬಂತು. 1955ರಲ್ಲಿ ರಾಷ್ಟ್ರೀಯ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. 2004ರಿಂದ ಕಾಯಿಲೆ ಇರುವ ಜಿಲ್ಲೆಗಳಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ಡಿಇಸಿ ಕೊಡುವ ಸಾಮೂಹಿಕ ಔಷಧಿ ಅಭಿಯಾನ ನಡೆಯುತ್ತಿದೆ. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆ ಇದ್ದವರನ್ನು ಬಿಟ್ಟು ಉಳಿದವರೆಲ್ಲ ನುಂಗಬೇಕು. ವಯಸ್ಕರಿಗೆ ಮೂರು ಗುಳಿಗಿ, ಜೊತೆಗೆ ಒಂದು ಅಲ್ಬೆಂಡಜೋಲ್. ಮರಿಹುಳ ಸಾಯುತ್ತೆ, ಆದರೆ ದೊಡ್ಡ ಹುಳ ಎಲ್ಲವೂ ಸಾಯುವುದಿಲ್ಲ. ಹಾಗಾಗಿ ದೊಡ್ಡ ಹುಳ ಮುದಿಯಾಗಿ ಸಾಯುವ ತನಕ ವರ್ಷವರ್ಷವೂ ನುಂಗಬೇಕು. ಊದಿದ ಕಾಲನ್ನು ಈ ಗುಳಿಗಿ ಮೊದಲಿನಂತೆ ಮಾಡುವುದಿಲ್ಲ, ಮುಂದಿನವರ ಕಾಲು ಊದದಂತೆ ತಡೆಯುತ್ತೆ.

ಬಳ್ಳಾರಿ ಈ ಕಾಯಿಲೆಗೆ ಹೆಸರಾದ ಜಿಲ್ಲೆಯಲ್ಲ. ಕರ್ನಾಟಕದಲ್ಲಿ ಫೈಲೇರಿಯಾ ಅಂದರೆ ಕಲಬುರಗಿ, ಯಾದಗಿರಿ, ಬೀದರ್, ವಿಜಯಪುರ, ಬಾಗಲಕೋಟೆ ಮತ್ತು ಕರಾವಳಿ. ಐವರ್ಮೆಕ್ಟಿನ್, ಡಿಇಸಿ, ಅಲ್ಬೆಂಡಜೋಲ್ ಮೂರನ್ನೂ ಒಟ್ಟಿಗೆ ಕೊಟ್ಟರೆ ಸುರಕ್ಷಿತವೇ ಎಂದು ಭಾರತದಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ಮಾಡಿದ್ದು ಯಾದಗಿರಿ ಜಿಲ್ಲೆಯಲ್ಲಿ, ಅಲ್ಲಿನ ಸಾವಿರಾರು ಜನರ ಸಹಕಾರದಿಂದ. ಆ ಮೂರರ ಪದ್ಧತಿ 2018ರಿಂದ ಆಯ್ದ ಜಿಲ್ಲೆಗಳಿಗೆ ಬಂತು. 2027ಕ್ಕೆ ದೇಶದಿಂದ ಫೈಲೇರಿಯಾ ತೊಲಗಿಸುವ ಗುರಿ ಇದೆ. ಐವರ್ಮೆಕ್ಟಿನ್ ಕಂಡವರಿಗೆ 2015ರಲ್ಲಿ ನೊಬೆಲ್ ಬಂದದ್ದು ಎಲ್ಲರಿಗೂ ನೆನಪಿದೆ. ಡಿಇಸಿಯ ಹಿಂದಿನ ಹೆಸರು ಯಾದಗಿರಿಯಲ್ಲೂ ಯಾರಿಗೂ ಗೊತ್ತಿರಲಿಕ್ಕಿಲ್ಲ.

ಈಗ ನನ್ನ ತಪ್ಪು. ಎಂಜಿನಿಯರಿಂಗ್ ಮುಗಿಸಿ ಕೆಲವು ಕಾಲ ಕಲಬುರಗಿಯಲ್ಲಿ ಕೆಲಸ ಮಾಡಿದೆ. ಒಂದು ಬೆಳಗ್ಗೆ ಆಶಾ ಕಾರ್ಯಕರ್ತೆಯೊಬ್ಬರು ಬಾಗಿಲು ತಟ್ಟಿ ಮೂರು ಬಿಳಿ ಗುಳಿಗಿ, ಒಂದು ಅಲ್ಬೆಂಡಜೋಲ್ ಕೊಟ್ಟರು. ಅವರ ಎದುರಿಗೇ ನುಂಗಬೇಕು ಅನ್ನುವುದು ನಿಯಮ. ಖಾಲಿ ಹೊಟ್ಟೆ, ಊಟ ಆದಮೇಲೆ ತಗೋತೀನಿ ಅಂದೆ. ಅವರಿಗೆ ಇನ್ನೂ ಎಷ್ಟು ಮನೆ ಬಾಕಿ ಇತ್ತೋ, ನನ್ನ ಬೆರಳಿಗೆ ಶಾಯಿ ಗುರುತು ಹಾಕಿ ಹೋದರು. ಗುಳಿಗಿಗಳನ್ನು ಕಿಟಕಿಯ ಮೇಲಿಟ್ಟೆ. ನನಗೇನು ಕಾಯಿಲೆ ಇದೆ ಅಂತ ನುಂಗಬೇಕು? ರೂಮು ಖಾಲಿ ಮಾಡಿದಾಗಲೂ ಅವು ಅಲ್ಲೇ ಇದ್ದವು, ಧೂಳು ಹಿಡಿದು. ಸರ್ಕಾರದ ಲೆಕ್ಕದಲ್ಲಿ ನಾನು ಔಷಧಿ ಪಡೆದವನು. ಗೌರವಧನಕ್ಕಾಗಿ ಮತ್ತೆ ಮತ್ತೆ ಬೀದಿಗಿಳಿಯಬೇಕಾದ ಆ ಹೆಣ್ಣುಮಗಳು ನಿಂತು ಕಾಯಲಿಲ್ಲ ಅಂತ ದೂರಲು ನನಗೆ ಯಾವ ಹಕ್ಕೂ ಇಲ್ಲ. ಡಿಗ್ರಿ ಇದ್ದವನು ನಾನು.

ಇದು ನನ್ನೊಬ್ಬನ ಕತೆ ಅಲ್ಲ, ಇಡೀ ಅಭಿಯಾನದ ಸೋರ‍್ವೆ ಇದೇ. ಗುಳಿಗಿ ಕೈಗೆ ಬರುತ್ತೆ, ಹೊಟ್ಟೆಗೆ ಹೋಗಲ್ಲ. ಒಟ್ಟು ಜನಸಂಖ್ಯೆಯ ಕನಿಷ್ಠ ಶೇ 65ರಷ್ಟು ಜನ ನಿಜವಾಗಿ ನುಂಗದಿದ್ದರೆ ಸೊಳ್ಳೆಗೆ ಸರಕು ಸಿಗುತ್ತಲೇ ಇರುತ್ತೆ. ಈ ಸೋರ‍್ವೆಗೆ ಒಬ್ಬರು ಜಾಣ ಉಪಾಯ ಮಾಡಿದ್ದರು, ಬ್ರಿಟನ್ನಿನ ಫ್ರ್ಯಾಂಕ್ ಹಾಕಿಂಗ್. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ಅಪ್ಪ. ಡಿಇಸಿಯನ್ನು ಅಡುಗೆ ಉಪ್ಪಿಗೇ ಬೆರೆಸಿಬಿಡುವ ಪ್ರಯೋಗವನ್ನು 1960ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ಮಾಡಿದರು. ಚೀನಾ ಈ ಉಪ್ಪನ್ನು ದೊಡ್ಡದಾಗಿ ಬಳಸಿತು. 2007ರಲ್ಲಿ ಫೈಲೇರಿಯಾದಿಂದ ಮುಕ್ತವಾಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡ ಮೊದಲ ದೇಶ ಅದು. ನಾವು ಮನೆಮನೆಗೆ ಗುಳಿಗಿ ಹಂಚುವ ದಾರಿ ಹಿಡಿದಿದ್ದೇವೆ. ಆ ದಾರಿ ನಂಬಿಕೆಯ ಮೇಲೆ ನಿಂತಿದೆ. ನಂಬಿಕೆ ಹುಟ್ಟಬೇಕಾದರೆ ಇದು ಏನು, ಎಲ್ಲಿಂದ ಬಂತು, ಜ್ವರ ಯಾಕೆ ಬರುತ್ತೆ ಅಂತ ಯಾರಾದರೂ ಕೂತು ಹೇಳಬೇಕು. ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಔಷಧಿಯೇ ಸಾಕು ಅನ್ನುವವರಿಗೆ ನಮ್ಮ ಕಡೆಯದೇ ಒಂದು ಉದಾಹರಣೆ ಇದೆ. ಉತ್ತರ ಕರ್ನಾಟಕದ ಮೆಟ್ಟಿಲುಬಾವಿಗಳ ಊರುಗಳಲ್ಲಿ ನಾರುಹುಣ್ಣು ಇತ್ತು. ಕಾಲಿನಿಂದ ದಾರದಂಥ ಹುಳ ಹೊರಬರುತ್ತಿತ್ತು, ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುತ್ತಿದ್ದರು. ಅದಕ್ಕೆ ಆಗಲೂ ಔಷಧಿ ಇರಲಿಲ್ಲ, ಈಗಲೂ ಇಲ್ಲ. ನೀರು ಸೋಸಿದರು, ಬಾವಿಗೆ ಇಳಿಯದಂತೆ ಮಾಡಿದರು, ಬೋರ್‌ವೆಲ್ ಕೊರೆದರು. 1996ರಲ್ಲಿ ದೇಶದ ಕೊನೆಯ ಪ್ರಕರಣ, 2000ದಲ್ಲಿ ಭಾರತ ಮುಕ್ತ. ಔಷಧಿಯೇ ಇಲ್ಲದ ಹುಳ ಹೋಯಿತು. 1947ರಿಂದ ಒಳ್ಳೆ ಔಷಧಿ ಇರುವ ಹುಳ ಇನ್ನೂ ಇದೆ. ಅದರ ಸೊಳ್ಳೆ ಬೆಳೆಯುವುದು ಕೊಳಚೆ ನೀರಿನಲ್ಲಿ. ಬಳ್ಳಾರಿಯ ತೆರೆದ ಚರಂಡಿಗಳ ಪಕ್ಕ ಸಂಜೆ ನಿಂತು ನೋಡಿ, ಸೊಳ್ಳೆಗೆ ಇಲ್ಲೇನೂ ಬರ ಇಲ್ಲ. ಪುಣ್ಯಕ್ಕೆ ಹುಳ ಕಡಿಮೆ.

ಸುಬ್ಬರಾವ್ ಅವರ ತಂಡದ ಇನ್ನೊಂದು ಕೊಡುಗೆ ಕೂಡ ಈ ಕತೆಗೆ ತಿರುಗಿ ಬಂದಿದೆ. ಫೈಲೇರಿಯಾ ಹುಳುವಿನ ಮೈಯೊಳಗೆ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಇರುತ್ತೆ, ಅದಿಲ್ಲದೆ ಹುಳ ಬಾಳಲಾರದು. ಆರಿಯೊಮೈಸಿನ್‌ನ ವಂಶದ ಡಾಕ್ಸಿಸೈಕ್ಲಿನನ್ನು ಕೆಲವು ವಾರ ಕೊಟ್ಟರೆ ಆ ಬ್ಯಾಕ್ಟೀರಿಯಾ ಸತ್ತು, ದೊಡ್ಡ ಹುಳವೂ ನಿಧಾನಕ್ಕೆ ಸಾಯುತ್ತೆ. ಡಿಇಸಿಗೆ ಪೂರ್ತಿ ಆಗದ ಕೆಲಸ ಅದು. ಪರ್ಲ್ ರಿವರ್‌ನಲ್ಲಿ ಎರಡು ಬೇರೆ ಬೇರೆ ಮೇಜುಗಳ ಮೇಲೆ ನಡೆದ ಕೆಲಸ ಒಂದೇ ಹುಳುವಿನ ಮೇಲೆ ಕೂಡುತ್ತೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಕುರುಗೋಡಿನ ಶಾಲೆಯಲ್ಲಿ ಅವತ್ತು ಗುಳಿಗಿ ಹಂಚಿಕೆ ಮುಗಿದ ಮೇಲೆ ಟೀಚರ್ ನನ್ನನ್ನು ಏನಾದರೂ ಮಾತಾಡಲು ಕರೆದರು. ನೀಲಿ ಗುಳಿಗಿಯ ಕತೆ ಹೇಳಿದೆ. ಕಾಶಿ, ಬಾಳೆಹಣ್ಣು, ಖಾದಿ, ಹತ್ತಿ ಇಲಿ. ಎಟಿಪಿ ಹೊತ್ತಿಗೆ ಹಿಂದಿನ ಸಾಲಿನವರು ಆಕಳಿಸಿದರು. ಮುಗಿದ ಮೇಲೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದ್ದು ಒಂದೇ ಪ್ರಶ್ನೆ. ಆ ಮನುಷ್ಯ ಮೆಟ್ರಿಕ್‌ನಲ್ಲಿ ನಿಜವಾಗಿಯೂ ಎರಡು ಸಲ ಫೇಲಾಗಿದ್ದರಾ ಎಂದು. ಹೌದು ಅಂದೆ. ಅವಳು ಪಕ್ಕದವಳ ಕಡೆ ತಿರುಗಿ ನಕ್ಕಳು. ದವಡೆಯಲ್ಲಿ ಗುಳಿಗಿ ಅಡಗಿಸಿದ್ದ ಹುಡುಗ ಅಷ್ಟರಲ್ಲಿ ನೀರು ಕುಡಿಯಲು ನಲ್ಲಿಯ ಕಡೆ ಓಡಿದ್ದ.